ಅರ್ಧಕ್ಕೆ ನಿಂತ ಕಟಿಂಗ್

ಹೆಡ್‌ಮಾಸ್ಟರ ಮೇಲಿನ ಸಿಟ್ಟು ಕ್ಷೌರದಂಗಡಿಯವನಿಗೆ ಇವತ್ತಿಗೂ ಆರಿಲ್ಲ. ತಿಂಗಳಿಗೊಮ್ಮೆ ಇವನ ಕುರ್ಚಿಯಲ್ಲಿ ಕತ್ತು ಬಗ್ಗಿಸಿ ಕೂರುತ್ತಿದ್ದ ಮನುಷ್ಯ, ದೂರು ಹೇಳಲು ಹೋದ ದಿನ ಇವನನ್ನು ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿಸಿದ್ದ. "ಮಕ್ಕಳಾಟ ಕಣ್ರೀ. ದೊಡ್ಡವರು ತಲೆ ಹಾಕ್ಬಾರ್ದು" ಎಂದು ಫೈಲಿಗೆ ಮುಖ ತಿರುಗಿಸಿದ್ದ.

ಮಕ್ಕಳಾಟವಂತೆ! ಐದನೇ ಕ್ಲಾಸಿನ ಮಗಳು ಶಾಲೆಗೆ ಹೊರಡುವ ಮುಂಚೆ ಅಂಗಡಿ ಗುಡಿಸಿಕೊಡುತ್ತಿದ್ದಳು. ಎಷ್ಟು ಕೊಡವಿದರೂ ಸ್ವೆಟರಿಗೆ ಕೂದಲು ಅಂಟಿಕೊಂಡೇ ಇರುತ್ತಿತ್ತು. ಎದುರು ಬೀದಿಯ ಬೇಕರಿಯವನ ಮಗ ಅದನ್ನು ಒಂದೊಂದೇ ಹೆಕ್ಕಿ ಮೇಲೆತ್ತಿ, "ಇದ್ಯಾರ ತಲೇದು? ಇದ್ಯಾರ ಮೀಸೇದು?" ಎಂದು ಹರಾಜು ಕೂಗುತ್ತಿದ್ದ. ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು.

ಮಗಳು ಕೇಳಿದ್ದು ಇಷ್ಟೇ: "ಅಪ್ಪಾ, ಸ್ಕೂಲ್ ಬಿಡೋ ಹೊತ್ತಿಗೆ ಗೇಟ್ ಹತ್ರ ಬಂದು ನಿಂತ್ಕೋ. ಏನೂ ಮಾತಾಡ್ಬೇಡ. ಮತ್ತೆ, ಗುಡಿಸೋದನ್ನ ಸಂಜೆ ಮಾಡ್ಲಾ?"

"ಹಿಂಗೆ ಹೆದ್ರಿಕೊಂಡ್ರೆ ಆಯ್ತು! ಎರಡು ಬಾರಿಸಿ ಬಾ ಹೋಗು."

ಹೆಂಡತಿ ಒಳಗಿನಿಂದಲೇ ಅಂದಳು: "ನಿಮ್ಗೆ ಕಿವಿ ಇರೋದು ಕನ್ನಡಕ ಸಿಕ್ಕಿಸೋಕೆ ಮಾತ್ರಾನಾ? ಅವಳು ಕೇಳಿದ್ದೇನು, ನೀವು ಹೇಳ್ತಿರೋದೇನು?"

ಅವನು ಕೇಳಿಸಿಕೊಳ್ಳಲಿಲ್ಲ.

ಆ ಶನಿವಾರ ಬೇಕರಿಯವನ ಮಗ ತಾನಾಗಿಯೇ ಅಂಗಡಿಗೆ ಬಂದ. ಕುಳ್ಳ, ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಕೂರಿಸಬೇಕಾಯಿತು.

"ಅಂಕಲ್, ಸಣ್ಣಗೆ ಮಾಡಿಸ್ಕೊಂಡು ಬಾ ಅಂದ್ರು ಅಮ್ಮ."

"ಹೌದೇನೋ ಹರಾಜಿನ ಸಾಹುಕಾರ?"

ಹುಡುಗ ಕನ್ನಡಿಯಲ್ಲಿ ಇವನ ಮುಖ ನೋಡಿ ಬೆಪ್ಪಾದ. ಅಷ್ಟರಲ್ಲಿ ಇವನ ಪಿತ್ತ ನೆತ್ತಿಗೇರಿತ್ತು. ಮೆಷಿನನ್ನು ಹಣೆಗಿಟ್ಟವನು ಹಿಂದಲೆಯವರೆಗೆ ಒಂದೇ ಎಳೆತ ಎಳೆದ. ತಲೆಯ ನಡುವೆ ಬೋಳು ದಾರಿ ಬಿತ್ತು.

"ಹೋಗು ಈಗ. ನಿನ್ನ ತಲೇನೂ ಹರಾಜಾಗ್ಲಿ."

ಹುಡುಗ ಅಳಲಿಲ್ಲ. "ಅಂಕಲ್, ಮಿಕ್ಕಿದ್ದು?" ಎಂದ, ಸಣ್ಣ ದನಿಯಲ್ಲಿ.

"ಆಗಲ್ಲ. ಇಳಿ."

ಕಾಲು ನೆಲಕ್ಕೆ ಎಟುಕಲಿಲ್ಲ. ಹುಡುಗ ಅವನದೇ ತೋಳು ಹಿಡಿದುಕೊಂಡು ಇಳಿದು, ಎರಡೂ ಕೈ ತಲೆ ಮೇಲಿಟ್ಟುಕೊಂಡು ಓಡಿದ.

ಸೋಮವಾರ ಮಗಳು ಬಂದವಳೇ ಬ್ಯಾಗು ಇಳಿಸಿದಳು. "ಇವತ್ತು ನನ್ನ ಯಾರೂ ಏನೂ ಅನ್ಲಿಲ್ಲ."

"ನೋಡ್ದ್ಯಾ ನಿಮ್ಮಪ್ಪನ ಕೈಚಳಕ!"

"ಎಲ್ಲಾರೂ ಅವನ್ನ ಹಿಡ್ಕೊಂಡ್ರು. ಅವರಮ್ಮ ಪೂರ್ತಿ ಬೋಳಿಸಿ ಟೋಪಿ ಹಾಕಿ ಕಳಿಸಿದ್ರು. ಟೋಪಿ ಕಿತ್ತು ತಲೆ ಮೇಲೆ ತಬಲ ಬಾರಿಸಿದ್ರು. ನನಗೂ ನಗು ಅಂದ್ರು."

"ನಕ್ಕ್ಯಾ?"

"ನಕ್ಕೆ. ಇಲ್ದಿದ್ರೆ ಮತ್ತೆ ನನ್ನೇ ಹಿಡ್ಕೊಳ್ತಿದ್ರಲ್ಲಾ." ಅವಳು ಅಪ್ಪನ ಮುಖ ನೋಡದೆ ಸ್ವೆಟರಿನ ಗುಂಡಿ ತಿರುವುತ್ತಿದ್ದಳು. "ತಾನೇ ಮನೇಲಿ ಮೆಷಿನ್ ಹಿಡಿದು ಕೆಡಿಸ್ಕೊಂಡೆ ಅಂತ ಹೇಳಿದ್ದಾನೆ. ನೀನು ಅಂತ ಯಾರಿಗೂ ಹೇಳಿಲ್ಲ."

ಅಪ್ಪನಿಗೆ ಆಗ ಹೊಳೆಯಿತು: ಪುಟ್ಟ ಹುಡುಗ ನನ್ನ ಮಾನ ಕಾಯ್ದಿದ್ದಾನೆ; ನಾನು ಬೆಳೆದ ಗಂಡಸು, ಇಂಥ ಕೆಲಸ ಮಾಡಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಮಗಳನ್ನು ನಗುವವರ ಸಾಲಿಗೆ ಸೇರಿಸಿದ್ದೇನೆ.

ಮರುದಿನ ಅಂಗಡಿಗೆ ಬಾಗಿಲೆಳೆದು ಶಾಲೆಯ ಗೇಟಿನ ಹತ್ತಿರ ಹೋಗಿ ನಿಂತ. ಹುಡುಗ ಅವನನ್ನು ಕಂಡವನೇ ಟೋಪಿ ಒತ್ತಿ ಹಿಡಿದು ಗೋಡೆಯಂಚಿಗೇ ಸರಿದು ಹೋದ.

ದಾರಿಯಲ್ಲಿ ಮಗಳು ಮೆಲ್ಲಗೆ ಅಂದಳು: "ಇನ್ಮೇಲೆ ಬರ್ಬೇಡ ಅಪ್ಪಾ. ನಿನ್ನ ನೋಡಿದ್ರೆ ಅವನು ಹೆದರ್ತಾನೆ."

ಆಮೇಲೆ ಅವಳು ಶಾಲೆಯ ಸುದ್ದಿಯನ್ನು ಅಮ್ಮನ ಹತ್ತಿರವೇ ಹೇಳತೊಡಗಿದಳು. ಅವನು ಬಂದರೆ ಮಾತು ಬದಲಾಯಿಸುತ್ತಿದ್ದಳು.

ಒಂದು ಸಂಜೆ ಗಟ್ಟಿ ಮನಸ್ಸು ಮಾಡಿ ಬೇಕರಿಗೆ ಹೋದ. ಹುಡುಗನೊಬ್ಬನೇ ಇದ್ದ. ತಲೆ ಮೇಲೆ ಆಗಷ್ಟೇ ಕಪ್ಪು ಮೂಡುತ್ತಿತ್ತು.

"ಏನ್ ಬೇಕು ಅಂಕಲ್?"

ಬೈಗುಳಕ್ಕಾದರೆ ಎಂದೂ ತಡವರಿಸದವನು ಗಾಜಿನ ಕಪಾಟಿನತ್ತ ಬೆರಳು ತೋರಿಸಿದ.

"ಒಂದು ಬ್ರೆಡ್ಡು."

ಆಮೇಲೂ ಎಷ್ಟೋ ಸಲ ಆ ಮಾತು ಹೇಳಲೆಂದೇ ಹೋಗಿ ಬ್ರೆಡ್ಡು ತಂದಿದ್ದಾನೆ. ಹುಡುಗ ಈಗ ಬೇಕರಿಯ ಯಜಮಾನ, ಎರಡು ಮಕ್ಕಳ ತಂದೆ. ತಪ್ಪಾಯ್ತು ಕಣಪ್ಪಾ ಎನ್ನುವ ಒಂದು ಮಾತನ್ನು ಅವನಿಗೆ ಇವನು ಇನ್ನೂ ಕೊಟ್ಟಿಲ್ಲ.