ಹೂವಿನ ದಿನ ಹೇಳುವ ಮಾಲ್‌ಸುನ್

“ಹತ್ತು ದಿನ ಯಾಕೆ ಸೇರಿಸಿದೆ ನಾನು?”

ಪ್ಯೋ ಮಾಲ್‌ಸುನ್ ಇದನ್ನು ಯಾರನ್ನೂ ಕೇಳುತ್ತಿಲ್ಲ. ಬೆಳಗಿನ ಐದೂವರೆ. ಮಾಸಾನ್ ಬಂದರಿನ ಹಿಂದಿನ ಹ್ವಾಬೊಂಗ್ ಬೆಟ್ಟದ ಮೆಟ್ಟಿಲುಗಳ ಮೇಲೆ ಉದುರಿದ ಜಿಂದಲ್ಲೆ ಹೂಗಳನ್ನು ಗುಡಿಸುತ್ತಿದ್ದಾರೆ. ನಸುಗೆಂಪು ಎಸಳುಗಳು ಕಂದಿ ಪೊರಕೆಗೆ ಮೆತ್ತಿಕೊಳ್ಳುತ್ತವೆ. ಹೂವಿನ ಹಬ್ಬಕ್ಕೆ ಇನ್ನು ಮೂರು ದಿನ. ಗಿಡಗಳಲ್ಲಿ ಒಂದು ಹೂವೂ ಉಳಿದಿಲ್ಲ.

ಎಪ್ಪತ್ತೆರಡರ ಈಕೆ ಗಂಡ ಸತ್ತ ವರ್ಷ ಈ ಕೆಲಸಕ್ಕೆ ಬಂದವರು. ಇಪ್ಪತ್ತಾರು ವಸಂತಗಳಿಂದ ಎರಡು ಸಾವಿರದ ಮುನ್ನೂರು ಗಿಡಗಳನ್ನು ಸಾಕುತ್ತಿದ್ದಾರೆ. ಮಂಡಿಗೆ ಪಟ್ಟಿ ಬಿಗಿದು ದಿನಕ್ಕೆ ಮೂರು ಸಲ ಬೆಟ್ಟ ಹತ್ತುತ್ತಾರೆ. ಹಬ್ಬದ ದಿನ ಗೊತ್ತುಮಾಡುವುದೂ ಅವರ ಮಾತಿನ ಮೇಲೆಯೇ, ಭಿತ್ತಿಪತ್ರದಲ್ಲಿ ಅವರ ಹೆಸರು ಇರುವುದಿಲ್ಲ ಅಷ್ಟೆ.

ಅದಕ್ಕೊಂದು ಲೆಕ್ಕವಿದೆ. ವಸಂತ ಹೊಕ್ಕಿತೆಂದು ಪಂಚಾಂಗ ಹೇಳುವ ಫೆಬ್ರುವರಿ ನಾಲ್ಕರಂದು ಮೊಗ್ಗಿನ ಕೊಂಬೆಯೊಂದನ್ನು ಕೊಯ್ದು, ನೀರಿನ ಬಾಟಲಿಯಲ್ಲಿಟ್ಟು, ಮನೆಯ ತಣ್ಣನೆಯ ಜಗಲಿಯಲ್ಲಿ ಇಡುತ್ತಿದ್ದರು. ಅದು ಅರಳಿದ ನಲವತ್ತನೆಯ ದಿನ ಬೆಟ್ಟ ಅರಳುತ್ತಿತ್ತು. ಕಳೆದ ಶರತ್ಕಾಲದಲ್ಲಿ ಆ ಹಳೆಯ ಮನೆಯನ್ನು ಕೆಡವಿದರು. ಈಗಿರುವುದು ಹನ್ನೊಂದನೆಯ ಮಹಡಿಯಲ್ಲಿ, ಅಡಿಯಲ್ಲಿ ಬಿಸಿನೀರು ಹರಿದು ನೆಲವೇ ಬೆಚ್ಚಗಿರುವ ಮನೆ. ಈ ವರ್ಷ ಕೊಂಬೆ ಹತ್ತು ದಿನ ಮೊದಲೇ ಅರಳಿತು.

“ನೆಲದ ಕಾವಿಗೆ ಅರಳ್ತು ಅಂದ್ಕೊಂಡೆ. ಹತ್ತು ದಿನ ಕೂಡಿಸಿ ಹೇಳ್ಬಿಟ್ಟೆ. ಬೆಟ್ಟಾನೂ ಮೊದಲೇ ಅರಳ್ತು. ಕೊಂಬೆ ನಿಜ ಹೇಳಿತ್ತು. ನಾನೇ ನಂಬ್ಲಿಲ್ಲ.”

ಜೊತೆಗೆ ಗುಡಿಸುವ ದೊಕ್‌ಜಾ ಆರು ವರ್ಷ ಚಿಕ್ಕವಳು. ಹಬ್ಬದಲ್ಲಿ ಎಸಳಿಟ್ಟು ಅಕ್ಕಿರೊಟ್ಟಿ ಬೇಯಿಸಿ ಮಾರುವವಳು. “ಅಕ್ಕಾ, ಈ ಸಲ ರೊಟ್ಟಿ ಮೇಲೆ ನಿನ್ನ ಮುಖಾನೇ ಅಂಟಿಸ್ಲಾ?”

“ಅಂಟಿಸು. ಸುಕ್ಕು ನೋಡಿ ಗಿರಾಕಿ ಓಡಿಹೋಗ್ಲಿ.”

ಇಬ್ಬರೂ ನಗುತ್ತಾರೆ. ನಗು ಬೇಗ ಅಡಗುತ್ತದೆ. ಬೇಗ ಬಂದ ವಸಂತ ಇದೇ ಮೊದಲಲ್ಲ. ಪ್ರತಿ ವರ್ಷವೂ ಮೇಲಿನ ಸಾಲಿನ ಗಿಡಗಳು ಒಣಗುತ್ತಿವೆ. “ನೀರು ಹೊತ್ರೂ ಉಳೀತಿಲ್ಲ. ನನ್ನ ಕಣ್ಮುಂದೇನೇ ಹೋಗ್ತಿವೆ,” ಎನ್ನುತ್ತಾರೆ ಮಾಲ್‌ಸುನ್.

ಏಳು ಗಂಟೆಗೆ ಹಬ್ಬದ ಉಸ್ತುವಾರಿ ಗುಕ್ ದೋಹ್ಯಾಂಗ್ ಏದುಸಿರು ಬಿಡುತ್ತಾ ಬರುತ್ತಾನೆ. ಎರಡೂ ಕೈಯಲ್ಲಿ ಚೀಲ. ಒಳಗೆ ತಂತಿ ಕಟ್ಟಿದ ನಾಲ್ಕು ಸಾವಿರ ಬಟ್ಟೆ ಹೂ. ಸೊಂಟ ಬಗ್ಗಿಸಿ ನಮಸ್ಕರಿಸುತ್ತಾನೆ.

“ಅಜ್ಜೀ, ದಾರಿ ಪಕ್ಕದ ಗಿಡಕ್ಕಾದ್ರೂ ಕಟ್ಟಿಕೊಡಿ. ನಿಮ್ಮಷ್ಟು ನಾಜೂಕಾಗಿ ಇನ್ಯಾರಿಗೂ ಬರಲ್ಲ. ಜನ ಬರ್ದಿದ್ರೆ ಈ ಹಬ್ಬಾನೇ ನಿಲ್ಲಿಸ್ತಾರೆ. ಗಿಡ ನೋಡ್ಕೊಳ್ಳೋ ಕೆಲಸಾನೂ ಇರಲ್ಲ.”

ಮಾಲ್‌ಸುನ್ ಒಂದು ಕೊಂಬೆಯನ್ನು ಮೆಲ್ಲಗೆ ಬಾಗಿಸುತ್ತಾರೆ. ತುದಿಯಲ್ಲಿ ಉಗುರಿನಷ್ಟು ಹಸಿರು.

“ಸಾಹೇಬ್ರೇ, ಬರೋ ವರ್ಷದ ಮೊಗ್ಗು ಕೂರೋದು ಈ ಚಿಗುರಲ್ಲೇ. ತಂತಿ ಸುತ್ತಿದ್ರೆ ಮುರಿಯತ್ತೆ.”

“ಹಬ್ಬಾನೇ ಇಲ್ದಿದ್ಮೇಲೆ ಬರೋ ವರ್ಷ ಆ ಹೂ ನೋಡೋರ್ಯಾರು ಅಜ್ಜಿ?”

ಮಾಲ್‌ಸುನ್ ಬಾಗಿಸಿದ್ದ ಕೊಂಬೆಯನ್ನು ಮೆಲ್ಲಗೆ ಬಿಡುತ್ತಾರೆ. ಗುಕ್ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಹೂ ಮುಂದೆ ಚಾಚುತ್ತಾನೆ.

“ಆಗಲ್ಲ,” ಎನ್ನುತ್ತಾರೆ ಮಾಲ್‌ಸುನ್. “ನಾನು ಕಟ್ಟಲ್ಲ.”