ಮೇಷ್ಟ್ರು ಅರಕಲಗೂಡಿಗೆ ಹೋದದ್ದು

ಹೋದ ವಾರ ಅರಕಲಗೂಡಿನ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ವಾಕರಿಕೆ ತಡೆಯಲು ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಮೂಸಿದಳು. ಆ ವಾಸನೆಗೆ, ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು ನೆನಪಾದರು.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಅವರಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾದಾಗ, ಗುಟ್ಟಾಗಿ ಕುಡಿಯುತ್ತಿದ್ದರೇನೋ ಎಂದು ಬೀದಿಯವರು ಆಡಿಕೊಂಡರು. ಅದು ಅವರಿಗೆ ಅಷ್ಟಾಗಿ ತಾಗಲಿಲ್ಲ. ತಾಗಿದ್ದು ತಮ್ಮನ ಮಗಳ ಮದುವೆಯ ವಿಷಯ. ಅರಕಲಗೂಡಿನ ಗಂಡಿನ ಕಡೆಯವರು, ಇದು ವಂಶದ ಕಾಯಿಲೆ ಇರಬಹುದೆಂದು ಹಿಂಜರಿದಿದ್ದರು. ತಮ್ಮ ಬಂದವನು ಒಳಗೂ ಕಾಲಿಡದೆ, "ಸ್ವಲ್ಪ ದಿನ ನಮ್ಮನೆ ಕಡೆ ಬರಬ್ಯಾಡ ಕಣಣ್ಣ," ಎಂದು ಹೇಳಿ ಹೋದ.

ಮುಂದಿನ ವಾರವೇ ಮೇಷ್ಟ್ರು ನನ್ನನ್ನು ಕರೆದುಕೊಂಡು ಅರಕಲಗೂಡಿನ ಬಸ್ಸು ಹತ್ತಿದರು. ಮಾತ್ರೆಗಳಿಂದ ಬರುತ್ತಿದ್ದ ವಾಕರಿಕೆಗೆ ದಾರಿಯುದ್ದಕ್ಕೂ ಮೂಗಿಗೆ ನಿಂಬೆಹಣ್ಣು ಹಿಡಿದಿದ್ದರು.

"ಆ ಕಾಯಿಲೆಯವನು ನಾನೇ ಕಣಮ್ಮ," ಎಂದರು ಗಂಡಿನ ತಾಯಿಗೆ. "ಯಾವಾಗಲೋ ಕಾಮಾಲೆ ವೈರಸ್ ಸೇರ್ಕಂಡು ವರ್ಷಗಟ್ಲೆ ಲಿವರ್‌ನಲ್ಲಿ ಕೂತಿತ್ತು. ಕ್ಯಾನ್ಸರ್ ತಡೆಯೋ ಜೀನುಗಳು ನನ್ನಲ್ಲೂ ಅವೆ. ಅವುಗಳ ಸ್ವಿಚ್ಚನ್ನ ಅದು ಆರಿಸ್ಬುಡ್ತು. ಆರಿರೋದು ನನ್ನ ಲಿವರ್‌ನಲ್ಲಿ. ವಂಶಕ್ಕೆ ಅಂಟೋದಲ್ಲ. ಹುಡುಗಿ ರಕ್ತಾನೂ ನೋಡ್ಸವ್ರೆ, ವೈರಸ್ಸಿಲ್ಲ."

ಆಕೆ ಒಳಗಿಂದ ನೀರು ತಂದು ಮೇಷ್ಟ್ರ ಮುಂದಿಟ್ಟರು. ಆಮೇಲೆ, "ಆ ಸ್ವಿಚ್ ತಿರ್ಗಾ ಹಾಕಕ್ಕಾಗಕಿಲ್ವಾ ಸಾ?" ಎಂದು ಕೇಳಿದರು.

"ಅದಕ್ಕೂ ಔಷಧಿ ಹುಡುಕ್ತಾವ್ರೆ. ಇನ್ನೂ ಪರೀಕ್ಷೆ ನಡೀತಾ ಅದೆ... ನನ್ನ ಕಾಲಕ್ಕೆ ಬರಕಿಲ್ಲ."

ಹಿಂದಿರುಗುವಾಗ, "ತಮ್ಮಂಗೆ ಹೇಳ್ಬ್ಯಾಡ ಕಣಪ್ಪ, ಬೇಜಾರ್ ಮಾಡ್ಕತಾನೆ," ಎಂದರು.

ಗಂಡಿನ ಕಡೆಯವರು ಒಪ್ಪಿದರು, ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ನಡೆಯಿತು. ಆ ದಿನ ಮೇಷ್ಟ್ರು ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಾಗಿಲ ಬಳಿ ಕೂತಿದ್ದರು. ಕರೆಯಲು ಯಾರೂ ಬರಲಿಲ್ಲ. ಮುಹೂರ್ತ ಮೀರಿದ ಮೇಲೆ ನಮ್ಮ ಮನೆಗೆ ಬಂದು, "ಏನಾರ ಸಿಹಿ ಐತೇನಪ್ಪ?" ಎಂದರು. ಬೆಲ್ಲವಿತ್ತು, ಕೊಟ್ಟೆ. ಬಾಯಿಗೆ ಹಾಕಿಕೊಂಡು ಸಂಜೆಯವರೆಗೂ ನನ್ನ ಜೊತೆ ಕೂತರು... ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಹೋದ ವಾರ ಅರಕಲಗೂಡಿನಲ್ಲಿ ಬಸ್ಸಿಳಿದಾಗ ಅವರ ತಮ್ಮನ ಮಗಳೇ ನಿಲ್ದಾಣದಲ್ಲಿ ಸಿಕ್ಕಳು, ಪಕ್ಕದಲ್ಲಿ ಸ್ಕೂಲಿಗೆ ಹೋಗುವ ಮಗಳು. ದೊಡ್ಡಪ್ಪ ಬಂದು ಹೋದ ವಿಷಯವನ್ನು ಅತ್ತೆ ಈಚೆಗಷ್ಟೇ ಹೇಳಿದರಂತೆ.

"ನನ್ನ ಮದ್ವೆ ದಿನ ಅವರು ಎಲ್ಲಿದ್ರಣ್ಣ?"

"ಮನೇಲೇ ಇದ್ರು."

"ಒಬ್ರೇನಾ?"

ಹೂಂ ಎಂದೆ. ನಾನು ಜೊತೆಗಿದ್ದೆನಲ್ಲ ಎಂದು ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಮನೆಯವರ ವಿಷಯ.