ಬಾಜೂ ಮನೆಯವರ ಪರವಾಗಿ ಒಂದು ಸಾಕ್ಷಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬೆಳಗಾವಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಗಂಡನಿಗೆ ರೈಲ್ವೆ ಕೆಲಸ; ಮನೆಯಲ್ಲಿದ್ದದ್ದಕ್ಕಿಂತ ಊರಾಚೆ ಇದ್ದದ್ದೇ ಹೆಚ್ಚು. ನಮ್ಮದು ಗೋಡೆಗೆ ಗೋಡೆ ಅಂಟಿದ ಬಾಡಿಗೆ ಮನೆ. ಬಾಜೂ ಮನೆಯಲ್ಲಿ ಒಬ್ಬ ಲಿಂಗಾಯತ ವಿಧವೆ ತಮ್ಮ ಒಬ್ಬನೇ ಮಗನೊಂದಿಗೆ ಇದ್ದರು. ಅವರನ್ನು ನಾನು ಕಾಕೂ ಎನ್ನುತ್ತಿದ್ದೆ.

ತಾಯಿಯಿಲ್ಲದ ನನ್ನ ಬಾಣಂತನ ಮಾಡಿದವರು ಕಾಕೂ. ನಾನು ಶಾಲೆಗೆ ಹೋದಾಗ ಮಗಳು ಅವರ ಹತ್ತಿರವೇ ಇರುತ್ತಿದ್ದಳು. ಅವರ ಲಿಂಗಪೂಜೆ ಮುಗಿಯುವವರೆಗೆ ಮಿಸುಕಾಡದೆ ಕೂತು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಬರುತ್ತಿದ್ದಳು. ನಾನು ಅದನ್ನು ಒರೆಸುತ್ತಿರಲಿಲ್ಲ. ನಮ್ಮ ಚರ್ಚಿನ ಕೆಲವರು ಅದನ್ನು ನೋಡಿ ನನಗೆ ಬೈಬಲಿನ ಹತ್ತು ಆಜ್ಞೆಗಳಲ್ಲಿ ಮೊದಲನೆಯದನ್ನು, ಬೇರೆ ದೇವರು ಬೇಡ ಎಂಬುದನ್ನು, ನೆನಪಿಸಿದ್ದರು. ಅದಕ್ಕೆ ನನಗೇನೂ ಅನ್ನಿಸಿರಲಿಲ್ಲ. ನನ್ನನ್ನು ಕಾಡಿದ್ದು ಒಂಬತ್ತನೆಯದು, ಸುಳ್ಳು ಸಾಕ್ಷಿಯದು.

ಒಂದು ಭಾನುವಾರ ಬೆಳಿಗ್ಗೆ ನಾನು ಚರ್ಚಿಗೆ ಹೊರಡುವ ಹೊತ್ತಿಗೆ ಕಾಕೂ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಅವರ ಮಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಹಿಂದಿನ ಸಂಜೆ ಖಾನಾಪುರದ ಹತ್ತಿರ ಅವನ ಮೋಟಾರ್ ಸೈಕಲ್ ಒಬ್ಬ ಮುದುಕಿಗೆ ಬಡಿದಿತ್ತು. ಅವನು ನಿಲ್ಲದೆ ಬಂದುಬಿಟ್ಟಿದ್ದ. ಗಾಡಿಯ ನಂಬರನ್ನು ಯಾರೋ ಅರ್ಧ ನೋಡಿದ್ದರಂತೆ; ಮುದುಕಿಯನ್ನು ಖಾನಾಪುರದ ಸರಕಾರಿ ದವಾಖಾನೆಗೆ ಸೇರಿಸಿದ್ದರಂತೆ.

"ತಂಗಿ, ಪೊಲೀಸರು ಬಂದ್ರ ಒಂದು ಮಾತು ಹೇಳಬೇಕು ನೋಡು. ನಿನ್ನೆ ಸಂಜಿಕೆ ಅಂವ ನಿಮ್ಮ ಮನ್ಯಾಗ ಕೂಸಿನ ಜೋಕಾಲಿ ಕಟ್ಟಾಕತ್ತಿದ್ದ ಅಂತ."

"ಕಾಕೂ, ಅಂವ ಬಂದಿರಲಿಲ್ಲಲ್ಲ?"

"ಬಂದಿರಲಿಲ್ಲ, ನನಗ ಗೊತ್ತಿಲ್ಲೇನು? ಸುಳ್ಳು ಹೇಳಬಾರದು ಅಂತ ನಿಮ್ಮೊಳಗೂ ಐತಿ, ನಮ್ಮೊಳಗೂ ಐತಿ. ಆದ್ರ ನಾ ಹೇಳಿದ್ರ ತಾಯಿ ಅಂತಾರ. ನೀ ಹೇಳಿದ್ರ ನಂಬತಾರ. ಸಾಲಿ ಅಕ್ಕೋರು, ಚರ್ಚಿಗೆ ಹೋಗಾಕಿ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮಗಳನ್ನು ಅವರ ಕೈಗೇ ಕೊಟ್ಟು ಹೊರಬಿದ್ದೆ.

ಆ ದಿನದ ಆರಾಧನೆಯಲ್ಲಿ ಹತ್ತು ಆಜ್ಞೆಗಳನ್ನು ಎಲ್ಲರೂ ಒಟ್ಟಿಗೆ ಹೇಳಿದೆವು. ಚಿಕ್ಕವಳಿದ್ದಾಗ ಅಪ್ಪ ಊಟಕ್ಕೆ ಮೊದಲು ನಮ್ಮಿಂದ ಇವನ್ನೇ ಹೇಳಿಸುತ್ತಿದ್ದರು. ತಪ್ಪದೆ ಹೇಳಿದರೆ ತಟ್ಟೆ ಮುಂದೆ ಬರುತ್ತಿತ್ತು. ಅಂದು ಒಂಬತ್ತನೆಯದು ಬಂದಾಗ ನನ್ನ ಬಾಯಿ ತೆರೆಯಲಿಲ್ಲ. ಉಪದೇಶ ಒಂದೂ ತಲೆಗೆ ಹೋಗಲಿಲ್ಲ. ನೆರೆಯವರ ವಿರುದ್ಧ ಸುಳ್ಳು ಸಾಕ್ಷಿ ಬೇಡ ಎಂದಿದೆ, ನೆರೆಯವರ ಪರವಾಗಿ ಬೇಡ ಎಂದು ಎಲ್ಲಿದೆ ಎಂಬ ಒಂದೇ ಯೋಚನೆಯನ್ನು ತಿರುವಿ ಹಾಕುತ್ತ ಕೂತಿದ್ದೆ. ಸಮಾಧಾನವಾಗಲಿಲ್ಲ. ಚರ್ಚಿನಿಂದ ಸೀದಾ ಖಾನಾಪುರದ ಬಸ್ಸು ಹತ್ತಿದೆ.

ಅಪ್ಪ ಅಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾಗಿದ್ದರು. ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿ, "ಅಪ್ಪಾ, ಅದರಾಗ ವಿರುದ್ಧ ಅಂತ ಐತಿ. ಒಬ್ಬರನ್ನ ಉಳಸಾಕ ಹೇಳಿದ್ರ?" ಎಂದೆ.

ಅವರು ತಲೆ ಎತ್ತಲಿಲ್ಲ. "ಬಿದ್ದಾಕಿ ಎಲ್ಲಿದಾಳ?"

"ಇಲ್ಲೇ, ಸರಕಾರಿ ದವಾಖಾನ್ಯಾಗ."

"ನೋಡಿ ಬಂದೀಯೇನು?"

"ಇಲ್ಲ."

"ಹಂಗಾರ ನನ್ನನ್ನ ಯಾಕ ಕೇಳಾಕತ್ತಿ?"

ಸಿಟ್ಟು ಬಂತು. ಆದರೂ ಹೋದೆ. ಮುದುಕಿಯ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ನನ್ನನ್ನು ಕಂಡು "ಬಸ ಬಾಯಿ", ಕೂಡು ತಂಗಿ, ಎಂದು ಮರಾಠಿಯಲ್ಲಿ ಹೇಳಿ ಮಂಚದ ಅಂಚು ತೋರಿಸಿದಳು. ಯಾರು ನೀನು ಎಂದಾಗ, ರೋಗಿಗಳನ್ನು ನೋಡಲು ಚರ್ಚಿನಿಂದ ಬಂದಿದ್ದೇನೆ ಎಂದೆ. ಸುಳ್ಳಿನ ಬಗ್ಗೆ ತಿಳಿಯಲು ಹೋದವಳು ಹೊಸ್ತಿಲಲ್ಲೇ ಒಂದು ಸುಳ್ಳು ಹೇಳಿದ್ದೆ.

ಅವಳಿಗೆ ಚಿಂತೆ ಕಾಲಿನದಲ್ಲ, ಎಮ್ಮೆಯದು. ಅದು ಸೊಸೆಗೆ ಹಾಲು ಕೊಡುವುದಿಲ್ಲವಂತೆ. ಆಮೇಲೆ ತಾನಾಗಿಯೇ ಹೇಳಿದಳು: ಆ ಹುಡುಗ ಸ್ವಲ್ಪ ಮುಂದೆ ಹೋಗಿ ನಿಂತನಂತೆ, ತಿರುಗಿ ನೋಡಿದನಂತೆ. "ಎತ್ತಲು ಬರುತ್ತಾನೆ ಅಂದುಕೊಂಡೆ" ಎಂದಳು. "ಕೈ ಕೂಡ ಚಾಚಿದ್ದೆ."

ಬೆಳಗಾವಿಗೆ ಮರಳುವಾಗ ಆ ಚಾಚಿದ ಕೈ ಕಣ್ಣಿನಿಂದ ಹೋಗಲಿಲ್ಲ. ಕಾಕೂ ಪರವಾಗಿ ನಾನು ಆಡುವ ಮಾತು ಆ ರಸ್ತೆಯಲ್ಲಿ ಬಿದ್ದವಳ ವಿರುದ್ಧದ ಮಾತೇ. ಅಷ್ಟು ತಿಳಿದರೂ ಮನಸ್ಸು ನಿಲ್ಲಲಿಲ್ಲ. ನನ್ನಿಂದಾಗದು ಎಂದು ಕಾಕೂಗೆ ಹೇಳಿಬಿಡಬೇಕೆಂದು ಅವರ ಬಾಗಿಲಿಗೆ ಹೋದೆ. ಅವರು ನನ್ನ ಮಗಳಿಗೆ ಹಾಲಿನಲ್ಲಿ ರೊಟ್ಟಿ ಹಿಸುಕಿ ತಿನ್ನಿಸುತ್ತಿದ್ದರು. ಮಗಳ ಊಟ ಮುಗಿಯುತ್ತಲೇ, ಹೇಳದೆ, ಎತ್ತಿಕೊಂಡು ಬಂದೆ.

ಮರುದಿನ ಹವಾಲ್ದಾರ ಬಂದಾಗ ಕಾಕೂ ಆಗಲೇ ಜೋಕಾಲಿಯ ಕಥೆ ಹೇಳಿ ಮುಗಿಸಿದ್ದರು. ಅವನು ನನ್ನ ಕಡೆ ತಿರುಗಿದ. "ಅಕ್ಕಾರ, ಶನಿವಾರ ಸಂಜಿಕೆ ಇಂವ ನಿಮ್ಮ ಮನ್ಯಾಗ ಇದ್ದನಂತ. ಖರೇ ಏನ್ರಿ?"

"ಇಲ್ರಿ" ಎಂದೆ.

ಕಾಕೂ ಸೆರಗು ತಲೆಯ ಮೇಲೆಳೆದುಕೊಂಡು ಒಳಗೆ ಹೋದರು. ಮಗ ಚಪ್ಪಲಿ ಮೆಟ್ಟಿ ಹವಾಲ್ದಾರನ ಹಿಂದೆ ನಡೆದ.

ಆಮೇಲೂ ಕಾಕೂ ನನ್ನ ಮಗಳನ್ನು ನೋಡಿಕೊಳ್ಳುವುದನ್ನು ಬಿಡಲಿಲ್ಲ. ನನ್ನ ಜೊತೆ ಮಾತು ಬಿಟ್ಟರು. "ನಿಮ್ಮವ್ವಗ ಹೇಳು, ನಳಕ್ಕ ನೀರು ಬಂದಾವ" ಎಂದು ಮಗುವಿಗೆ ಹೇಳುತ್ತಿದ್ದರು. ಆಜ್ಞೆ ಪಾಲಿಸಿದವರಿಗೆ ಮನಸ್ಸು ಹಗುರಾಗುತ್ತದೆ ಎಂದು ಎಳವೆಯಿಂದ ನಂಬಿದ್ದೆ. ನನಗೆ ಹಾಗಾಗಲಿಲ್ಲ. ದೇವರ ಮೇಲಿನ ಪ್ರೀತಿಯಿಂದ ನಿಜ ಹೇಳಿದೆನೋ, ಚರ್ಚಿಗೆ ಹೋಗುವವಳೆಂಬ ಹೆಸರು ಉಳಿಸಿಕೊಳ್ಳಲು ಹೇಳಿದೆನೋ ಎಂದು ಪಾಠ ಮಾಡುವಾಗಲೂ ಕೇಳಿಕೊಳ್ಳುತ್ತಿದ್ದೆ. ಏನು ಹೇಳಬಾರದೆಂದು ಆಜ್ಞೆ ತಿಳಿಸಿತ್ತು. ಹೇಳಿದ ಮೇಲೆ ಅದೇ ಗೋಡೆಯ ಈಚೆ ಹೇಗೆ ಬದುಕಬೇಕೆಂಬುದನ್ನು ನಾನೇ ಕಲಿಯಬೇಕಿತ್ತು.

ಖಾನಾಪುರದ ಕೋರ್ಟಿನಲ್ಲಿ ತಾರೀಖು ಬಂದ ದಿನ ಗಂಡ ಮನೆಯಲ್ಲಿದ್ದರು. ರಜೆ ಹಾಕಿ, ಮಗಳನ್ನು ಅವರ ಹತ್ತಿರ ಬಿಟ್ಟು, ಯಾರೂ ಕರೆಯದಿದ್ದರೂ ಕಾಕೂ ಮತ್ತು ಜಾಮೀನಿನ ಮೇಲೆ ಹೊರಗಿದ್ದ ಮಗ ಹತ್ತಿದ ಬಸ್ಸನ್ನೇ ಹತ್ತಿದೆ. ಕಾಕೂ ಮುಖ ಕಿಟಕಿಯ ಕಡೆ ಮಾಡಿದರು. ಕೋರ್ಟಿನ ಪಡಸಾಲೆಯಲ್ಲಿ ಮುದುಕಿ ಕೋಲೂರಿಕೊಂಡು ಬಂದು ಕೂತಳು. ನನ್ನನ್ನು ಕಂಡು ಗುರುತು ಹಿಡಿದು, ಆ ದಿನ ಬಂದ ಚರ್ಚಿನ ಹೆಂಗಸು ನೀನೇ ಅಲ್ಲವೇ ಎಂದಳು.

ಕಾಕೂ ಎಷ್ಟೋ ದಿನಗಳ ಮೇಲೆ ನನ್ನನ್ನೇ ನೋಡಿ ಕೇಳಿದರು: "ಈಕಿನ್ನ ನೀ ಮೊದಲ ನೋಡಿದ್ದೇನು?"

"ಹೌದು ಕಾಕೂ. ಹವಾಲ್ದಾರ ಬರೂ ಮೊದಲ."

ಅವರು ಎದ್ದು ಮುದುಕಿಯ ಬಾಜೂ ಕೂತು, ಕಾಲು ಎಲ್ಲಿ ಮುರಿದದ್ದು ಎಂದು ಮರಾಠಿಯಲ್ಲಿ ಕೇಳಿದರು. ಇಬ್ಬರೂ ಎಮ್ಮೆಯ ಮಾತಿಗೆ ಬಂದರು. ಒಳಗೆ ಮಗ ತಪ್ಪೊಪ್ಪಿಕೊಂಡ. ದಂಡವಾಯಿತು, ಮುದುಕಿಯ ಔಷಧದ ಖರ್ಚು ತನ್ನದೆಂದ.

ಮರಳುವಾಗ ಬಸ್ಸಿನಲ್ಲಿ ಬೇರೆ ಜಾಗವಿರಲಿಲ್ಲ. ಕಾಕೂ ನನ್ನ ಪಕ್ಕದಲ್ಲೇ ಕೂರಬೇಕಾಯಿತು. ಉದ್ಯಮಬಾಗ ಬಂದಾಗ ಮಗ ಎರಡನೆಯ ಪಾಳಿಗೆಂದು ಇಳಿಯಲು ಎದ್ದ. ನನ್ನ ಮುಂದೆ ಒಂದು ಗಳಿಗೆ ನಿಂತು ಹೇಳಿದ: "ಅಕ್ಕೋರ, ನೀವು ಹೇಳಿದ್ದು ಛಲೋ ಆತು ಅಂತ ನಾ ಅನ್ನಾಂಗಿಲ್ಲ. ಆದ್ರ ಈಗ ನಿದ್ದಿ ಬರಾಕತ್ತೈತಿ."

ಅವನು ಇಳಿದ ಮೇಲೆ ಕಾಕೂ ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಬಿಚ್ಚಿದರು. ಒಂದು ರೊಟ್ಟಿ ಮುರಿದು ಅರ್ಧವನ್ನು ನನ್ನ ಕಡೆ ಸರಿಸಿದರು, ನೋಟ ಮಾತ್ರ ಹೊರಗೇ ಇತ್ತು. ನಾನು ತಗೊಂಡೆ.